ಸೋಲಾರ್ ಎಲ್ಲಿ ಕೂರಬೇಕೆಂದು ಫೀಡರ್ ಹೇಳಲಿ, ಖಾಲಿ ಜಮೀನಲ್ಲ

ಮಾನ್ಯರೇ,

ರೈತರ ಪಂಪ್‌ಗಳಿಗೆ ಸೋಲಾರ್ ವಿದ್ಯುತ್ ಒದಗಿಸುವ ಕೇಂದ್ರದ ಪಿಎಂ-ಕುಸುಮ್ ಯೋಜನೆಯ 'ಸಿ' ವಿಭಾಗದಡಿ ಕೃಷಿ ಫೀಡರ್‌ಗಳಿಗೆ (ಉಪಕೇಂದ್ರದಿಂದ ಪಂಪ್‌ಸೆಟ್‌ಗಳ ಕಡೆ ಹೋಗುವ 11 ಕೆವಿ ಲೈನುಗಳಿಗೆ) ಸೋಲಾರ್ ಜೋಡಿಸುವಾಗ ಮೊದಲು ಹುಡುಕುವುದು ಉಪಕೇಂದ್ರದ ಆಸುಪಾಸಿನ ಜಾಗವನ್ನು. ಲೈನ್ ಎಳೆಯುವ ಖರ್ಚು ಉಳಿಯುತ್ತದೆ, ನಿರ್ವಹಣೆಯೂ ಸುಲಭ. ಆದರೆ ಉಪಕೇಂದ್ರದ 11 ಕೆವಿ ಬಸ್‌ಗೆ (ಫೀಡರ್‌ಗಳೆಲ್ಲ ಹೊರಡುವ ಕಂಬಿಗೆ) ತಂದು ಕೊಟ್ಟ ಸೋಲಾರ್‌ನಿಂದ ಮೇಲಿನ 66 ಕೆವಿ ಲೈನಿನ ಭಾರ ಇಳಿಯುತ್ತದೆಯೇ ಹೊರತು, ಅಲ್ಲಿಂದ ಹಳ್ಳಿಗೆ ಹೋಗುವ ಫೀಡರ್‌ನಲ್ಲಿ ಒಂದು ಯೂನಿಟ್ ನಷ್ಟವೂ ಉಳಿಯುವುದಿಲ್ಲ. ಅರಸೀಕೆರೆ, ಕಡೂರು ಕಡೆಯ ಉದ್ದುದ್ದ ಕೃಷಿ ಫೀಡರ್‌ಗಳಲ್ಲಿ ನಷ್ಟವಿರುವುದೇ ಆ ಭಾಗದಲ್ಲಿ.

ಒಂದು ಒರಟು ಲೆಕ್ಕ ನೋಡಿ. ರ‍್ಯಾಬಿಟ್ ಎಂಬ ಬಗೆಯ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.54 ಓಮ್. 10 ಕಿ.ಮೀ. ಲೈನಿನ ತುದಿಯಲ್ಲಿ 100 ಆಂಪಿಯರ್ ಹೊರೆ, ಪವರ್ ಫ್ಯಾಕ್ಟರ್ (ಹರಿಯುವ ವಿದ್ಯುತ್ತಿನಲ್ಲಿ ನಿಜಕ್ಕೂ ಕೆಲಸ ಮಾಡುವ ಪಾಲು) 0.85 ಎಂದಿಟ್ಟುಕೊಳ್ಳಿ. 11 ಕೆವಿ ಲೆಕ್ಕದಲ್ಲಿ ಹೊರೆ ಸುಮಾರು 1,620 ಕಿಲೋವಾಟ್, ತಂತಿ ಕಾಯಿಸಿ ಹೋಗುವುದು 162 ಕಿಲೋವಾಟ್. ವೋಲ್ಟೇಜ್ ಸುಮಾರು 1,100 ವೋಲ್ಟ್ ಕುಸಿಯುತ್ತದೆ. 11 ಕೆವಿಗೆ ಶೇ 9ರ ಇಳಿಕೆಯಷ್ಟೇ ಮಿತಿ, ಅದನ್ನೂ ದಾಟಿತು. ತುದಿಯಲ್ಲೇ 1 ಮೆಗಾವಾಟ್ ಸೋಲಾರ್ ಕೂಡಿಸಿದರೆ ಪೂರ್ಣ ಬಿಸಿಲಿನ ಹೊತ್ತಿನಲ್ಲಿ ಕರೆಂಟು 62 ಆಂಪಿಯರಿಗೆ, ನಷ್ಟ 62 ಕಿಲೋವಾಟಿಗೆ ಇಳಿಯುತ್ತದೆ. ಅದೇ ಜಾಗದಲ್ಲಿ 600 ಕೆವಿಎಆರ್ (ರಿಯಾಕ್ಟಿವ್ ಪವರ್‌ನ ಅಳತೆ) ಕೆಪಾಸಿಟರ್ ಬ್ಯಾಂಕ್ ಕೂಡ ಹಾಕಿದರೆ ನಷ್ಟ 25 ಕಿಲೋವಾಟ್ ಆಸುಪಾಸು. ಸಾಮಾನ್ಯವಾಗಿ ಸೋಲಾರ್ ಕೊಡುವುದು ಬರೀ ಕಿಲೋವಾಟ್. ಮೋಟಾರುಗಳು ತಮ್ಮ ಕಾಂತಕ್ಷೇತ್ರಕ್ಕೆಂದು ಎಳೆಯುವ ರಿಯಾಕ್ಟಿವ್ ಪವರ್ ಉಪಕೇಂದ್ರದಿಂದಲೇ ಬರುತ್ತಿರುತ್ತದೆ, ಕೆಪಾಸಿಟರ್ ಅದನ್ನು ಅಲ್ಲೇ ಒದಗಿಸುತ್ತದೆ. ಯೋಜನಾ ವರದಿಗಳಲ್ಲಿ ಕೆಪಾಸಿಟರ್ ಕಾಣೆಯಾಗುವುದು ನಮಗಂತೂ ಅರ್ಥವಾಗದ ಸಂಗತಿ, ಇಡೀ ಬಾಬ್ತಿನಲ್ಲಿ ಅಗ್ಗದ ಸಾಮಾನು ಅದೇ. ಒಂದೇ ಎಚ್ಚರ: ಸದಾ ಚಾಲೂ ಇರುವ ಬ್ಯಾಂಕ್ ಬೇಡ. ರಾತ್ರಿ ಹೊರೆಯಿಲ್ಲದಾಗ ಅದು ವೋಲ್ಟೇಜನ್ನು ಮೇಲಕ್ಕೆ ತಳ್ಳುತ್ತದೆ. ತಾನಾಗಿ ಕೂಡಿಕೊಂಡು ತಾನಾಗಿ ಕಳಚಿಕೊಳ್ಳುವ ಬಗೆಯದು ಬೇಕು.

ಹಾಗಾದರೆ ತುದಿಯಲ್ಲಿ ದೊಡ್ಡದನ್ನೇ ಹಾಕಿಬಿಡೋಣ ಎನ್ನುವಂತಿಲ್ಲ. ಅದೇ ಲೈನಿಗೆ 4 ಮೆಗಾವಾಟ್ ಕೂಡಿಸಿದರೆ ವಿದ್ಯುತ್ ಹಿಮ್ಮುಖವಾಗಿ ಉಪಕೇಂದ್ರಕ್ಕೆ ಹರಿಯತೊಡಗಿ, ನಷ್ಟ 300 ಕಿಲೋವಾಟ್ ಸಮೀಪಕ್ಕೆ ಹೋಗುತ್ತದೆ. ಅಂದರೆ ಸೋಲಾರೇ ಇಲ್ಲದಿದ್ದಾಗಿನದಕ್ಕಿಂತ ಹೆಚ್ಚು! ತುದಿಯ ವೋಲ್ಟೇಜ್ ಶೇ 6ರ ಮೇಲ್ಮಿತಿ ದಾಟುತ್ತದೆ, ಮಿತಿಮೀರಿದಾಗ ಸೋಲಾರ್ ವಿದ್ಯುತ್ತನ್ನು ಲೈನಿಗೆ ಸೇರಿಸುವ ಇನ್ವರ್ಟರ್‌ಗಳು ನಡುಹಗಲಲ್ಲೇ ಕಳಚಿಕೊಳ್ಳುತ್ತವೆ. ಹೊರೆ ಲೈನಿನುದ್ದಕ್ಕೂ ಸಮನಾಗಿ ಹರಡಿದ್ದರೆ, ಅದರ ಮೂರನೇ ಎರಡರಷ್ಟು ಸಾಮರ್ಥ್ಯವನ್ನು ಉದ್ದದ ಮೂರನೇ ಎರಡರಷ್ಟು ದೂರದಲ್ಲಿ ಇಡಬೇಕೆಂಬುದು ಎಂಜಿನಿಯರುಗಳ ಹಳೆಯ ಸೂತ್ರ. ಅಂದಾಜಿಗೆ ಅದು ಸಾಕು, ಟೆಂಡರಿಗೆ ಸಾಲದು. ಟೆಂಡರಿಗೆ ಮುಂಚೆ ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ (ಎರಡೂ ವಿದ್ಯುತ್ ವಿತರಣಾ ಕಂಪನಿಗಳು) ಆಯಾ ಫೀಡರ್‌ನ ವರ್ಷವಿಡೀ ಗಂಟೆವಾರು ರೀಡಿಂಗ್ ತೆಗೆದು, ತಂತಿಯ ಬಗೆ ಮತ್ತು ಟಿಸಿಗಳಿರುವ (ಟ್ರಾನ್ಸ್‌ಫಾರ್ಮರ್‌ಗಳಿರುವ) ಜಾಗ ಗುರುತಿಸಿ, ಕನಿಷ್ಠ ಎರಡು ಸ್ಥಿತಿಗೆ ಲೋಡ್ ಫ್ಲೋ ಲೆಕ್ಕ (ಲೈನಿನಲ್ಲಿ ಎಲ್ಲಿ ಎಷ್ಟು ಕರೆಂಟು, ಎಷ್ಟು ವೋಲ್ಟೇಜ್ ಎಂಬ ಲೆಕ್ಕ) ಮಾಡಬೇಕು: ಮಾರ್ಚ್ ಮಧ್ಯಾಹ್ನ ಎಲ್ಲ ಪಂಪ್ ಓಡುವಾಗ ಒಮ್ಮೆ, ಮಳೆ ಬಿದ್ದು ಪಂಪ್ ನಿಂತ ಮರುದಿನದ ಬಿಸಿಲಿಗೆ ಇನ್ನೊಮ್ಮೆ. ಎರಡನೆಯದನ್ನು ಬಿಟ್ಟರೆ ಸಾಮರ್ಥ್ಯದ ಲೆಕ್ಕವೇ ತಪ್ಪುತ್ತದೆ.

ಇಷ್ಟಾದರೂ ಅರ್ಧ ಕಥೆಯೇ. ಒಂದೇ ಹೊರೆಗೆ 415 ವೋಲ್ಟ್ ಲೈನಿನಲ್ಲಿ 11 ಕೆವಿಗಿಂತ 26 ಪಟ್ಟು ಹೆಚ್ಚು ಕರೆಂಟು ಹರಿಯಬೇಕು, ನಷ್ಟವೋ ಕರೆಂಟಿನ ವರ್ಗದಂತೆ ಏರುತ್ತದೆ. ಟಿಸಿಯಿಂದ ಮುಕ್ಕಾಲು ಕಿಲೋಮೀಟರ್ ಎಲ್‌ಟಿ (415 ವೋಲ್ಟಿನ) ಲೈನ್ ಎಳೆದು ಹತ್ತು ಪಂಪ್ ನೇತುಹಾಕಿದ ಕಡೆ ಯಾವ ಸೋಲಾರ್ ಪಾರ್ಕೂ ನೆರವಿಗೆ ಬಾರದು. ಅಲ್ಲಿ ಬೇಕಾದ್ದು 11 ಕೆವಿಯನ್ನೇ ತೋಟದ ಹತ್ತಿರ ಒಯ್ದು 25 ಕೆವಿಎ ಟಿಸಿ ಇಡುವುದು, 5 ಎಚ್‌ಪಿ ಪಂಪಿಗೆ 2 ಕೆವಿಎಆರ್, 10 ಎಚ್‌ಪಿಗೆ 4 ಕೆವಿಎಆರ್ ಕೆಪಾಸಿಟರ್ ಕೂಡಿಸುವುದು. ಐಪಿ ಸೆಟ್‌ಗಳಿಗೆ (ನೀರಾವರಿ ಪಂಪ್‌ಗಳಿಗೆ) ಮೀಟರ್ ಇಲ್ಲವಾದರೆ ಟಿಸಿಗಾದರೂ ಮೀಟರ್ ಇರಲಿ. ಅಂದಾಜು ಬಳಕೆ ಬರೆದು ಕಳೆದು ಉಳಿದದ್ದನ್ನೇ 'ನಷ್ಟ' ಎನ್ನುತ್ತಿರುವವರೆಗೆ ಸೋಲಾರ್ ಬಂದ ಮೇಲೆ ಎಷ್ಟು ಉಳಿಯಿತೆಂದು ಯಾರೂ ತೋರಿಸಲಾರರು.

ವಿದ್ಯುತ್ ಪೂರೈಸುವ ಪಾಳಿಯ ವಿಚಾರ ಇನ್ನೂ ಮುಖ್ಯ. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಲೈನಿನಲ್ಲಿ ವಿದ್ಯುತ್ ಇಲ್ಲದಿದ್ದರೆ ನಿಲ್ಲಲೇಬೇಕು. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಸುವ ವ್ಯವಸ್ಥೆ ಅದು. ಏಳು ಗಂಟೆಯ ತ್ರೀ ಫೇಸನ್ನು ಹಗಲಿಗಿಷ್ಟು, ರಾತ್ರಿಗಿಷ್ಟು ಎಂದು ಹಂಚಿದರೆ, ಫೀಡರ್ ಮಧ್ಯದಲ್ಲಿ ಕೂತ ಘಟಕ ಬಿಸಿಲಲ್ಲಿ ಸುಮ್ಮನಿರುತ್ತದೆ, ಪಂಪುಗಳು ರಾತ್ರಿ ದೂರದ ವಿದ್ಯುತ್ತಿನಲ್ಲಿ ಓಡುತ್ತವೆ. ಸೋಲಾರ್ ಇರುವ ಫೀಡರ್‌ಗೆ ಪೂರ್ತಿ ಹಗಲು ಪಾಳಿ ಕೊಡಬೇಕು. ಆಟೋ ಸ್ಟಾರ್ಟರ್‌ಗಳಿಂದ ಎಲ್ಲ ಪಂಪು ಒಟ್ಟಿಗೆ ಎದ್ದು ಟಿಸಿ ಸುಡುವ ಹಳೇ ರೋಗಕ್ಕೆ ಸ್ಟಾರ್ಟರಿನ ಟೈಮರ್‌ಗಳನ್ನು ಹಿಂದುಮುಂದಾಗಿ ಇಟ್ಟರೆ ಸಾಕು.

ಮಲೆನಾಡಿನ ಲೆಕ್ಕ ಬೇರೆ. ಸಕಲೇಶಪುರ, ಮೂಡಿಗೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಯಾನೆಲ್‌ಗಳಿಂದ ಹೆಚ್ಚು ನಿರೀಕ್ಷಿಸಬಾರದು. ಆದರೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡುವ ಫೆಬ್ರುವರಿ, ಮಾರ್ಚ್‌ನಲ್ಲಿ ಬಿಸಿಲಿಗೇನೂ ಬರವಿಲ್ಲ, ಹೊರೆಯೂ ಆಗಲೇ ಹೆಚ್ಚು. ನೆರಳಿನ ಮರಗಳ ನಡುವೆ ದೊಡ್ಡ ಘಟಕಕ್ಕೆ ಜಾಗ ಸಿಗದು, ಕಾಫಿ ಕಣದ ಪಕ್ಕದ ಗೋದಾಮಿನ ಚಾವಣಿಗಳು ಸಿಗುತ್ತವೆ.

ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿರುವುದರಿಂದ ಮನೆಯ ಚಾವಣಿಗಳೂ ಸಾಲುಗಟ್ಟುತ್ತಿವೆ. ಟಿಸಿಯಿಂದ 500 ಮೀಟರ್ ದೂರದಲ್ಲಿ, ವೀಸಲ್ ಎಂಬ ತೆಳು ತಂತಿಯ ಒಂದೇ ಫೇಸಿಗೆ ಮೂರು ಮನೆಯವರು ತಲಾ 3 ಕಿಲೋವಾಟ್ ಸಿಂಗಲ್ ಫೇಸ್ ಜೋಡಿಸಿದರೆ, ಮನೆಗಳಲ್ಲಿ ಬಳಕೆಯಿಲ್ಲದ ಮಧ್ಯಾಹ್ನ ಆ ಫೇಸಿನ ವೋಲ್ಟೇಜ್ 35 ವೋಲ್ಟಿನಷ್ಟು ಏರಬಹುದು. 230 ವೋಲ್ಟಿನ ಮನೆ ಸಂಪರ್ಕಕ್ಕೆ ಮಿತಿಯಿರುವುದು 244ರ ಆಸುಪಾಸಿಗೆ. ಅರ್ಜಿ ಮಂಜೂರು ಮಾಡುವ ಮುನ್ನ ಸೆಕ್ಷನ್ ಕಚೇರಿಯವರು ಟಾಂಗ್ ಟೆಸ್ಟರ್ ಹಿಡಿದು ಮೂರೂ ಫೇಸಿನ ಕರೆಂಟು ಅಳೆದು, ಯಾವ ಮನೆ ಯಾವ ಫೇಸಿಗೆ ಎಂದು ಅರ್ಜಿಯಲ್ಲೇ ಬರೆಯುವ ಪದ್ಧತಿ ತರಲಿ.

— ವಿದ್ಯುತ್ ವಿತರಣಾ ಕ್ಷೇತ್ರದ ಕೆಲವು ನಿವೃತ್ತ ಎಂಜಿನಿಯರುಗಳು, ಹಾಸನ