ಮಾನ್ಯ ಸಂಸದರೇ, ಒಂದು ಸಂಶೋಧನೆಗೆ ನಾವು ಎಷ್ಟು ಸಲ ದುಡ್ಡು ಕೊಡಬೇಕು?

ಮಲೆನಾಡಿನ ನಮ್ಮ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ಅಡಿಕೆಯ ಎಲೆಚುಕ್ಕಿ ರೋಗದ ಮಾತು ಬಂದಾಗಲೆಲ್ಲ ನೀವು ಸಂಶೋಧನೆ ಆಗಬೇಕು, ಅದರ ಫಲ ತೋಟಕ್ಕೆ ತಲುಪಬೇಕು ಎನ್ನುತ್ತೀರಿ. ಚಪ್ಪಾಳೆಯೂ ಬೀಳುತ್ತದೆ. ಫಲ ಯಾಕೆ ತೋಟಕ್ಕೆ ತಲುಪುತ್ತಿಲ್ಲ ಎಂಬುದಕ್ಕೆ ಕಾರಣ ಹಲವಿದ್ದಾವು, ಒಂದು ಮಾತ್ರ ನೀವು ಕೂರುವ ಸದನದ ಕೈಯಲ್ಲೇ ಇದೆ: ಸಂಶೋಧನೆಯನ್ನು ಪ್ರಕಟಿಸಲೂ ಓದಲೂ ದುಡ್ಡು ತೆರಬೇಕಾದ ಪದ್ಧತಿ. ವರ್ಷಗಳಿಂದ ಸುಮ್ಮನಿದ್ದೆ. ಇನ್ನು ಆಗದು.

ನಾನು ಖಾಸಗಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಸರ್ಕಾರದ ಸಣ್ಣದೊಂದು ಅನುದಾನದಲ್ಲಿ ಎಲೆಚುಕ್ಕಿ ತರುವ ಶಿಲೀಂಧ್ರದ ಮೇಲೆ ಕೆಲಸ ಮಾಡಿದೆ. ಮಳೆಯಲ್ಲಿ ಇಂಬಳ ಕಚ್ಚಿಸಿಕೊಂಡು ತೋಟ ಸುತ್ತಿದವರು ನನ್ನ ವಿದ್ಯಾರ್ಥಿಗಳು. ಮರ ಹತ್ತಿ ಸೋಗೆ ಇಳಿಸಿಕೊಟ್ಟವರು ಕೊನೆಗಾರರು. ಪೇಪರ್ ಬರೆದು ಹೆಸರಾಂತ ವಿದೇಶಿ ಜರ್ನಲ್ಲೊಂದಕ್ಕೆ, ಅಂದರೆ ಸಂಶೋಧನಾ ಪತ್ರಿಕೆಗೆ, ಕಳಿಸಿದೆ. ತಜ್ಞರು ಪರಿಶೀಲಿಸಿ ಒಪ್ಪಿದರು. ಅವರಿಗೆ ಸಂಭಾವನೆಯಿಲ್ಲ, ನನಗೂ ಇಲ್ಲ, ಅದು ಪದ್ಧತಿ. ಆಮೇಲೆ ಪ್ರಕಾಶಕರ ಇಮೇಲ್ ಬಂತು: ಪೇಪರ್ ಎಲ್ಲರಿಗೂ ಉಚಿತವಾಗಿ ಸಿಗಬೇಕಾದರೆ ಲೇಖಕರು ಶುಲ್ಕ ಕಟ್ಟಬೇಕು. ರೂಪಾಯಿಯಲ್ಲಿ ಎರಡೂವರೆ ಲಕ್ಷದ ಮೇಲೆ. ನನ್ನ ಇಡೀ ಅನುದಾನವೇ ಅಷ್ಟಿರಲಿಲ್ಲ! ರಿಯಾಯಿತಿ ಕೇಳಿದರೆ, ಬಡ ರಾಷ್ಟ್ರಗಳ ಪಟ್ಟಿಯಲ್ಲಿ ಭಾರತವಿಲ್ಲ ಎಂಬ ಉತ್ತರ. ದೊಡ್ಡ ಆರ್ಥಿಕತೆ ಎಂದು ನೀವೆಲ್ಲ ವೇದಿಕೆಯಲ್ಲಿ ಹೇಳುವ ಹೆಮ್ಮೆಯ ಬಿಲ್ಲು ನನ್ನ ಮೇಜಿಗೆ ಬಂದಿತ್ತು.

ಕಟ್ಟಲಿಲ್ಲ. ಪೇಪರ್ ಬೀಗದೊಳಗೆ ಹೋಯಿತು, ದುಡ್ಡು ಕೊಟ್ಟವರಿಗೆ ಮಾತ್ರ ಓದಲು ಸಿಗುವಂತಾಯಿತು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ನಮಗೆ ತೋಟ ಬಿಟ್ಟುಕೊಟ್ಟಿದ್ದ ಬೆಳೆಗಾರರೊಬ್ಬರು, ಬಿಎಸ್ಸಿ ಓದಿದವರು, ಮೊಬೈಲಿನಲ್ಲಿ ಅದನ್ನು ಹುಡುಕಿ ತೆಗೆದರು. ಓದಲು ನಲವತ್ತು ಡಾಲರ್ ಕೇಳಿತು. ಫೋನ್ ಮಾಡಿದರು: "ಏನ್ ಮೇಷ್ಟ್ರೇ, ನಮ್ಮ ತೋಟದ ರೋಗದ ಬಗ್ಗೆ ಓದೋಕೆ ನಾನೇ ಮೂರು ಸಾವಿರದ ಮೇಲೆ ಕೊಡ್ಬೇಕಂತೆ? ಸೋಗೆ ಕೊಡುವಾಗ ನಾನೇನಾದ್ರೂ ದುಡ್ಡು ಕೇಳಿದ್ನಾ?"

ಏನು ಹೇಳಲಿ? ನನ್ನ ಹತ್ತಿರವಿದ್ದ ಪ್ರತಿಯನ್ನು ಅವರಿಗೆ ಕಳಿಸಿದೆ. ಉಳಿದ ಬೆಳೆಗಾರರಿಗೂ ಸಿಗಲಿ ಎಂದು ಕಾಲೇಜಿನ ವೆಬ್‌ಸೈಟಿಗೆ ಹಾಕುವಂತಿಲ್ಲ. ಹನ್ನೆರಡು ತಿಂಗಳು ಹಾಕಕೂಡದೆಂದು ಕರಾರಿನಲ್ಲಿದೆ. ಕರಾರಿಗೆ ಸಹಿ ಹಾಕದಿದ್ದರೆ ಪ್ರಕಟಣೆಯಿಲ್ಲ, ಪ್ರಕಟಣೆಯಿಲ್ಲದಿದ್ದರೆ ಬಡ್ತಿಯಿಲ್ಲ. ಕೆಲವೇ ದಿನಗಳಲ್ಲಿ ಅದೇ ಪ್ರಕಾಶಕರ ಇನ್ನೊಂದು ಇಮೇಲ್: ಬೇರೊಬ್ಬರ ಪೇಪರನ್ನು ಪುಕ್ಕಟೆ ಪರಿಶೀಲಿಸಿಕೊಡಬೇಕಂತೆ. 'ಗೌರವಾನ್ವಿತ ಪ್ರೊಫೆಸರ್' ಎಂದು ಸಂಬೋಧಿಸಿದ್ದರು. ಗೌರವಕ್ಕೇನೂ ಕೊರತೆಯಿಲ್ಲ ಸ್ವಾಮಿ.

ಅಡಿಕೆ ನಮ್ಮದು, ಕೊಯ್ದು ಸುಲಿದು ಬೇಯಿಸಿ ಒಣಗಿಸಿದವರು ನಾವು. ಮಂಡಿಯವನು ಅದನ್ನು ಪುಕ್ಕಟೆ ತೂಗಿಸಿಕೊಂಡು ನಮ್ಮ ಕವಳಕ್ಕೆ ನಮಗೇ ಮಾರಿದರೆ ನೀವು ಸುಮ್ಮನಿರುತ್ತಿದ್ದಿರಾ? ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರುತ್ತಿದ್ದಿರಿ. ಸಂಶೋಧನೆಯಲ್ಲಿ ಇದೇ ನಡೆದರೆ ಅದಕ್ಕೆ ಅಂತರರಾಷ್ಟ್ರೀಯ ಗುಣಮಟ್ಟ ಎನ್ನುತ್ತಾರೆ. 'ನೇಚರ್' ಪತ್ರಿಕೆ 2020ರಲ್ಲಿ ಮುಕ್ತ ಪ್ರಕಟಣೆಗೆ ಘೋಷಿಸಿದ ಶುಲ್ಕ 9,500 ಯೂರೊ. ಒಂದು ಪೇಪರಿಗೆ.

ಸರ್ಕಾರಿ ಸಂಸ್ಥೆಗಳಲ್ಲಿ ಜರ್ನಲ್ ಓದಲು ಕೇಂದ್ರವೇ ಚಂದಾ ಕಟ್ಟುವ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ ಬಂದಿದೆಯಲ್ಲ ಎನ್ನುತ್ತೀರಿ. ಗೊತ್ತು. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ್ದು, 3 ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ಕಾಲೇಜಿನ ಗೆಳೆಯರಿಗೆ ಅನುಕೂಲವಾಗಿದೆ, ಸಂತೋಷ. ನಮ್ಮದು ಖಾಸಗಿ ಕಾಲೇಜು, ಹಾಗಾಗಿ ನಮ್ಮ ಮಕ್ಕಳು ಆ ರಾಷ್ಟ್ರದಲ್ಲಿ ಇನ್ನೂ ಸೇರಿಲ್ಲ. ಫೋನ್ ಮಾಡಿದ ಬೆಳೆಗಾರರಂತೂ ಯಾವ ಪಟ್ಟಿಯಲ್ಲೂ ಇಲ್ಲ. ಮೊದಲೆಲ್ಲ ಹುಡುಗರು ಬೀಗ ಹಾಕಿದ ಪೇಪರ್‌ಗಳನ್ನು ಅನುಮತಿಯಿಲ್ಲದೆ ಪುಕ್ಕಟೆ ಕೊಡುವ ಸೈ-ಹಬ್ ಎಂಬ ಜಾಲತಾಣಕ್ಕೆ ಕದ್ದುಮುಚ್ಚಿ ಹೋಗುತ್ತಿದ್ದರು. 2025ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೂ ತಡೆಹಿಡಿಯಲು ಆದೇಶಿಸಿತು. ಕಾನೂನು ಕಾನೂನೇ, ಸರಿ. ಕಾನೂನಿನ ದಾರಿಯೊಂದನ್ನು ತೆರೆಯುವುದು ಯಾರ ಕೆಲಸ?

ನನ್ನ ಬೇಡಿಕೆ ಒಂದೇ. ಜನರ ತೆರಿಗೆಯಲ್ಲಿ ಆದ ಸಂಶೋಧನೆ ಓದುವವರಿಗೂ ಉಚಿತವಾಗಿರಲಿ, ಬರೆಯುವವರಿಗೂ ಉಚಿತವಾಗಿರಲಿ. ಜರ್ನಲ್ ನಡೆಸುವ ಖರ್ಚನ್ನು ಸರ್ಕಾರ ನೇರವಾಗಿ ವಿದ್ವತ್ ಸಂಘಗಳಿಗೂ ವಿಶ್ವವಿದ್ಯಾಲಯಗಳಿಗೂ ಕೊಡಲಿ. ಆ 6,000 ಕೋಟಿಯನ್ನು ವರ್ಷಕ್ಕೆ ಹಂಚಿದರೆ 2,000 ಕೋಟಿ. ಅದರ ನೂರರಲ್ಲಿ ಒಂದು ಪಾಲು, 20 ಕೋಟಿ, ನಮ್ಮದೇ ಜರ್ನಲ್‌ಗಳಿಗೆ ತೆಗೆದಿಡಿ.

ಉಚಿತವಾದರೆ ಗುಣಮಟ್ಟ ಉಳಿಯುತ್ತದೆಯೇ ಎಂದು ದೆಹಲಿಯ ಅಧಿಕಾರಿಗಳು ಕೇಳುತ್ತಾರೆ, ಕೇಳಲಿ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ 'ಪ್ರಮಾಣ' ಎಂಬ ಭೌತಶಾಸ್ತ್ರ ಪತ್ರಿಕೆಯ ಪೇಪರ್‌ಗಳನ್ನು ಅಕಾಡೆಮಿಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು, ಅಲ್ಲಿ ಬರೆಯಲು ಶುಲ್ಕ ಕಟ್ಟಲೇಬೇಕೆಂದಿಲ್ಲ. ಬ್ರೆಜಿಲ್ 1998ರಲ್ಲಿಯೇ ಸಾರ್ವಜನಿಕ ಹಣದಲ್ಲಿ ಸೈಲೊ ಎಂಬ ಜಾಲ ಕಟ್ಟಿ ತನ್ನ ಜರ್ನಲ್‌ಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಅಷ್ಟು ದೂರ ಯಾಕೆ, ನಮ್ಮ ಅಡಿಕೆಯ ಕೊಳೆರೋಗವನ್ನೇ ನೋಡಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಆ ರೋಗದ ಮೇಲೆ ಬರೆದದ್ದನ್ನು 1910ರಲ್ಲಿ ಇಲಾಖೆಯೇ ಬುಲೆಟಿನ್ ಆಗಿ ಅಚ್ಚು ಹಾಕಿಸಿತು. ಆ ರೋಗಕ್ಕೆ ಅವರು ಹೇಳಿಕೊಟ್ಟ ಬೋರ್ಡೋ ದ್ರಾವಣವನ್ನು, ಅಂದರೆ ಮೈಲುತುತ್ತ-ಸುಣ್ಣದ ಮಿಶ್ರಣವನ್ನು, ನಮ್ಮವರು ಇವತ್ತಿಗೂ ಹೊಡೆಯುತ್ತಾರೆ. ಮಹಾರಾಜರ ಸರ್ಕಾರದ ಕೈಲಾದದ್ದು ನಮ್ಮ ನಿಮ್ಮ ಸರ್ಕಾರದ ಕೈಲಿ ಆಗುವುದಿಲ್ಲವೇ?

ಇನ್ನು ನಕಲಿ ಜರ್ನಲ್‌ಗಳ ಕಾಟ ಬೇರೆ. ಕೆಲವು ಸಾವಿರ ಬಿಸಾಡಿದರೆ ವಾರದೊಳಗೆ ಪ್ರಕಟಿಸಿ ಸರ್ಟಿಫಿಕೇಟನ್ನೂ ಕೊಡುತ್ತಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಒಪ್ಪಿತ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು, ಯಾವುದು ಅಸಲಿ ಎಂದು ಕಾಲೇಜುಗಳೇ ನೋಡಿಕೊಳ್ಳಬೇಕು. ಬಡ್ತಿ ಬೇಕಾದ ಬಡಪಾಯಿ ಮೇಷ್ಟ್ರು ಏನು ಮಾಡಿಯಾನು? ದುಡ್ಡಿದ್ದವರು ದೊಡ್ಡ ಅಂಗಡಿಗೆ ಹೋಗುತ್ತಾರೆ, ಇಲ್ಲದವರು ಸಣ್ಣ ಅಂಗಡಿಗೆ. ಶುಲ್ಕವಿಲ್ಲದ ಒಳ್ಳೆಯ ಜರ್ನಲ್‌ಗಳು ಊರಿಗೊಂದಿದ್ದರೆ ಈ ಅಂಗಡಿಗಳತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಸರ್ಕಾರದ ಹಣದ ಸಂಶೋಧನೆ ಮುಕ್ತವಾಗಿ ಸಿಗಬೇಕೆಂದು ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರಲ್ಲೇ ನೀತಿ ಮಾಡಿವೆ. ನಿಮಗದು ತಿಳಿದೇ ಇದೆ. ನೀತಿ ಕಡತದಲ್ಲಿ ತಣ್ಣಗಿದೆ.

ಚಂದಾ ಯೋಜನೆಯ ಅವಧಿ 2027ಕ್ಕೆ ಮುಗಿಯುತ್ತದೆ. ಪ್ರಕಾಶಕರ ಜೊತೆ ಮತ್ತೆ ಚೌಕಾಸಿಗೆ ಕೂರುವ ಮೊದಲು, ಮುಂದಿನ ಅಧಿವೇಶನದಲ್ಲೇ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದಂಥದ್ದು, ಕೇಳಿ: ಓದುವವರಿಗೂ ಬರೆಯುವವರಿಗೂ ಶುಲ್ಕವಿಲ್ಲದ ಭಾರತೀಯ ಜರ್ನಲ್‌ಗಳಿಗೆ ಸರ್ಕಾರ ಎಷ್ಟು ಹಣ ಕೊಡುತ್ತಿದೆ, ಮುಂದೆ ಎಷ್ಟು ಕೊಡುತ್ತದೆ? ಎಲೆಚುಕ್ಕಿಯ ಬಗ್ಗೆ ಇನ್ನೊಂದು ಭಾಷಣಕ್ಕಿಂತ ಈ ಒಂದು ಪ್ರಶ್ನೆಯನ್ನು ನಿಮ್ಮಿಂದ ನಿರೀಕ್ಷಿಸುತ್ತೇನೆ. ಸಚಿವರು ಕೊಟ್ಟ ಉತ್ತರವನ್ನು ಬೆಳೆಗಾರರ ಸಂಘಕ್ಕೂ ಒಂದು ಪ್ರತಿ ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಕಾಲೇಜು ಮೇಷ್ಟ್ರು, ನಿಮ್ಮ ಮತದಾರ