ಪುಟ್ಟನಿಗೆ, ಓವರ್‌ಡ್ರೈವ್ ವಿಚಾರವಾಗಿ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕೊಂಡ ಸೀರೀಸ್ 3 ಲ್ಯಾಂಡ್ ರೋವರ್‌ಗೆ ಫೇರಿ ಓವರ್‌ಡ್ರೈವ್, ಅಂದರೆ ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿ ತಿರುಗಿದರೂ ಸಾಕಾಗುವಂತೆ ಮಾಡುವ ಹೆಚ್ಚುವರಿ ಗೇರು, ಕೂರಿಸಿದ್ದಾರೆ ಎಂದು ನಿಮ್ಮಪ್ಪ ಹೇಳಿದ. ಸಂತೋಷ. ಆದರೆ ಗಾಡಿ ತೊಳೆದೆ, ಸೀಟು ಹೊಲಿಸಿದೆ, ಬಣ್ಣ ನೋಡ್ತಿದ್ದೀನಿ ಅಂತೆಲ್ಲ ನೀನು ಬರೆದಿದ್ದರಲ್ಲಿ ಆ ಓವರ್‌ಡ್ರೈವಿನ ಆಯಿಲ್ ಸುದ್ದಿಯೇ ಇಲ್ಲ. ಬಣ್ಣ ಆಮೇಲೆ ನೋಡಿಕೊಂಡರಾಯಿತು. ಮೊದಲು ಗಾಡಿ ಕೆಳಗೆ ಹೋಗು.

ಇಂಗ್ಲೆಂಡಿನ ಡೆವನ್‌ನಲ್ಲಿರುವ ಟ್ಯಾವಿಸ್ಟಾಕ್‌ನ ಫೇರಿ ವಿಂಚಸ್‌ನವರು ಮಾಡಿದ ಯೂನಿಟ್ ಅದು. ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಬಾಕ್ಸ್‌ನ ಹಿಂದೆ, ಪಿ.ಟಿ.ಓ. (ಎಂಜಿನ್ ಶಕ್ತಿಯಿಂದ ಬೇರೆ ಯಂತ್ರ ಓಡಿಸುವ ಜೋಡಣೆ) ಕೂರುವ ಜಾಗದಲ್ಲಿ ನೇತಾಡಿದಂತೆ ಕೂತಿರುತ್ತದೆ. ಅದರ ಅನುಪಾತ 0.782. ಅಂದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಬೇಕಾದ ವೇಗದಲ್ಲಿ ಸುಮಾರು 2350ಕ್ಕೆ ಇಳಿಯುತ್ತದೆ. ನಾಲ್ಕೇ ಗೇರಿನ ಗಾಡಿಗೆ ಇದು ದೊಡ್ಡ ಉಪಕಾರ, ಕಿವಿಗಂತೂ ಇನ್ನೂ ದೊಡ್ಡದು. ಸ್ಪೀಡೋಮೀಟರ್ ತಪ್ಪು ತೋರಿಸೀತೇ ಅಂತ ಚಿಂತೆ ಬೇಡ. ಅದಕ್ಕೆ ಚಲನೆ ಸಿಗುವುದು ಟ್ರಾನ್ಸ್‌ಫರ್ ಬಾಕ್ಸ್‌ನಿಂದ ಹೊರಬರುವ ಶಾಫ್ಟ್‌ನಿಂದ, ಆ ಶಾಫ್ಟ್ ಇರುವುದು ಓವರ್‌ಡ್ರೈವ್ ದಾಟಿದ ಮೇಲೆ.

ಆಯಿಲ್ ತುಂಬುವ ಜಾಗ ಮೂರು: ಗೇರ್‌ಬಾಕ್ಸ್ ಒಂದು, ಟ್ರಾನ್ಸ್‌ಫರ್ ಬಾಕ್ಸ್ ಇನ್ನೊಂದು, ಓವರ್‌ಡ್ರೈವ್ ಮೂರನೆಯದು. ಸರ್ವಿಸ್‌ಗೆ ಬಿಟ್ಟರೆ ಮೊದಲಿನ ಎರಡನ್ನು ನೋಡುತ್ತಾರೆ, ಮೂರನೆಯದು ಇದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಅದರ ಹೊಟ್ಟೆ ಚಿಕ್ಕದು. ಸ್ವಲ್ಪ ಸೋರಿದರೂ ದೊಡ್ಡ ಪಾಲೇ ಹೋದಂತೆ. ನನ್ನ ಕೇಳಿದರೆ, ಈ ಯೂನಿಟ್‌ಗಳು ಹಾಳಾಗುವುದು ವಯಸ್ಸಿನಿಂದಲ್ಲ, ಆಯಿಲ್ ಇಲ್ಲದೆ ಓಡಿಸಿದ್ದರಿಂದ.

ಆಯಿಲ್ ಬದಲಿಸುವ ದಿನ ಗಾಡಿಯನ್ನು ಒಂದಷ್ಟು ದೂರ ಓಡಿಸಿ ಬಾ, ಬಿಸಿ ಆಯಿಲ್ ಚೆನ್ನಾಗಿ ಇಳಿಯುತ್ತದೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಗಳಿಗೆ ಅಡ್ಡಲಾಗಿ ಕಲ್ಲೋ ಮರದ ತುಂಡೋ ಕೊಡು. ಈ ಗಾಡಿಯ ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಬಾಕ್ಸ್ ಹಿಂದಿನ ಡ್ರಮ್ ಹಿಡಿದು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ತಡೆಯುತ್ತದೆ, ಅಷ್ಟೆ. ಹಿಂದಿನ ಒಂದು ಚಕ್ರ ಜ್ಯಾಕ್ ಮೇಲೆ ಎದ್ದರೆ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಾರಣದಿಂದ ಆ ಬ್ರೇಕ್ ಇದ್ದೂ ಇಲ್ಲದಂತೆ. ಹಾಗಾಗಿ ಜ್ಯಾಕ್ ಸಹವಾಸವೇ ಬೇಡ. ಅಡಿಗೆ ಹೋಗಲು ಸಾಕಷ್ಟು ಜಾಗ ಇದೆ, ನೀನು ಇನ್ನೂ ತೆಳ್ಳಗಿದ್ದೀಯ.

ಮೊದಲು ಆಯಿಲ್ ಹಾಕುವ ಪ್ಲಗ್ ಬಿಚ್ಚು. ಅದು ಬಿಚ್ಚಿದ ಮೇಲಷ್ಟೇ ಕೆಳಗಿನ ಡ್ರೈನ್ ಪ್ಲಗ್ಗಿಗೆ ಸ್ಪ್ಯಾನರ್ ಹಾಕು. ತಿರುಗಾಮುರುಗಾ ಮಾಡಿ, ಇಳಿಸಿದ ಮೇಲೆ ಮೇಲಿನದು ಜಪ್ಪಯ್ಯ ಅಂದರೂ ಬರದಿದ್ದರೆ ಗಾಡಿ ಅಲ್ಲೇ ನಿಂತಂತೆ. ಬಂದ ಆಯಿಲನ್ನು ಬಿಳಿ ಪಾತ್ರೆಯಲ್ಲಿ ಹಿಡಿದು ಬೆಳಕಿಗೆ ತಾ. ಬೆರಳಿನ ನಡುವೆ ಉಜ್ಜಿ ನೋಡು. ಬೂದುಬಣ್ಣದ ನುಣುಪು ಮಡ್ಡಿ ಇದ್ದರೆ ಮಾಮೂಲು ಸವೆತ. ಬೆರಳಿಗೆ ಚುಚ್ಚುವ ಚೂರು, ಸಿಪ್ಪೆಯಂಥ ತುಣುಕು ಸಿಕ್ಕರೆ ಒಳಗೆ ಬೇರಿಂಗೋ ಹಲ್ಲೋ ಹೋಗುತ್ತಿದೆ, ಹೊಸ ಆಯಿಲ್ ಹಾಕಿ ಓಡಿಸಬೇಡ. ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೊಳೆ ದಾಟುವ ಗಾಡಿಯಲ್ಲಿ ಇದು ಅಪರೂಪವಲ್ಲ. ಹೊಸದಾಗಿ ಇಪಿ 90 ಗೇರ್ ಆಯಿಲ್ ಹಾಕು, ತೂತಿನ ಅಂಚಿನವರೆಗೆ ಬಂದು ಹೊರಗೆ ಜಿನುಗಿದರೆ ಸಾಕು. ಕೇಸಿಂಗ್ ಅಲ್ಯೂಮಿನಿಯಂನದು, ತೋಳ್ಬಲ ತೋರಿಸಲು ಹೋದರೆ ಥ್ರೆಡ್ ಕಿತ್ತುಬರುತ್ತದೆ. ಹೊಸ ವಾಷರ್ ಹಾಕಿ ಹದವಾಗಿ ಬಿಗಿ ಮಾಡು.

ಆಮೇಲೆ ಕೆಲವು ವಾರ ಮಟ್ಟ ನೋಡುತ್ತಿರು. ಆಯಿಲ್ ಕಡಿಮೆಯಾಗುತ್ತಿದೆ, ನೆಲದ ಮೇಲೆ ತೊಟ್ಟೂ ಇಲ್ಲ ಅಂದರೆ ಟ್ರಾನ್ಸ್‌ಫರ್ ಬಾಕ್ಸ್‌ನ ಲೆವೆಲ್ ಪ್ಲಗ್ ಬಿಚ್ಚು. ಅಲ್ಲಿಂದ ಆಯಿಲ್ ಉಕ್ಕಿ ಬಂದರೆ, ನಡುವಿನ ಸೀಲ್ ಸೋತು ಅಲ್ಲಿಗೆ ಸೇರುತ್ತಿರಬಹುದು. ಮುಖ್ಯ ಗೇರ್‌ಬಾಕ್ಸ್‌ನ ಆಯಿಲ್ ಕೂಡ ಹೀಗೆ ಬರುವುದುಂಟು, ಮೂರರ ಮಟ್ಟವನ್ನೂ ನೋಡಿಯೇ ತೀರ್ಮಾನಿಸು.

ಸದ್ದು ಬಂದ ಕೂಡಲೇ ಓವರ್‌ಡ್ರೈವ್ ಮೇಲೆ ಗೂಬೆ ಕೂರಿಸಬೇಡ. ಗಾಡಿ ನಿಂತಿದೆ, ಹೈ ರೇಂಜ್‌ನಲ್ಲಿದೆ (ಮಾಮೂಲು ರಸ್ತೆಯ ಗೇರು ಸಾಲು), ಗೇರ್ ನ್ಯೂಟ್ರಲ್‌ನಲ್ಲಿದೆ, ಎಂಜಿನ್ ಓಡುತ್ತಿದೆ ಅಂದುಕೋ. ಆಗ ಗೇರ್‌ಬಾಕ್ಸ್‌ನಿಂದ ಹೊರಬರುವ ಮುಖ್ಯ ಶಾಫ್ಟ್ ತಿರುಗುವುದಿಲ್ಲ, ಓವರ್‌ಡ್ರೈವ್ ಕೂಡ ತಿರುಗುವುದಿಲ್ಲ. ಆಗ ಬರುವ ಗೊರಗೊರ ಅದರದ್ದಲ್ಲ. ಓಡುವಾಗ ಓವರ್‌ಡ್ರೈವ್ ಹಾಕಿದಾಗ ಮಾತ್ರ ಕೊರೆಯುವ ಸದ್ದು ಬಂದು, ತೆಗೆದ ಕೂಡಲೇ ನಿಂತರೆ, ಆಗ ಅದನ್ನೇ ಅನುಮಾನಿಸು: ಹಾಕಿದಾಗಲೇ ಅದರ ಹಲ್ಲುಗಳ ಮೇಲೆ ಭಾರ ಬೀಳುವುದು.

ಲಿವರ್ ತಾನೇ ಜಾರಿ ಬರುತ್ತಿದ್ದರೂ ಅಷ್ಟೇ, ಯೂನಿಟ್ ಬಿಚ್ಚುವ ಮುಂಚೆ ಲಿವರ್ ಪೂರ್ತಿ ಹೋಗುತ್ತಿದೆಯೇ ನೋಡು. ಗೇರ್‌ಬಾಕ್ಸ್‌ನ ರಬ್ಬರ್ ಮೌಂಟಿಂಗ್ ಕುಸಿದಿದ್ದರೆ ಲಿವರ್ ನೆಲದ ತೂತಿನ ಅಂಚಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿ ಬಣ್ಣ ಸವೆದು ಲೋಹ ಹೊಳೆಯುತ್ತಿದ್ದರೆ ರೋಗ ಅದೇ.

ಇನ್ನು ಓಡಿಸುವುದು. ಕ್ಲಚ್ ಒತ್ತಿ, ಕ್ಷಣ ತಡೆದು, ಲಿವರನ್ನು ನಿಧಾನವಾಗಿ ಸರಿಸು. ನಾಲ್ಕನೇ ಗೇರಿನಲ್ಲಿ ಸಮನಾದ ದಾರಿಗೆ ಅದು ಸರಿ. ಮೂರರಲ್ಲಿ ಹಾಕಿದರೂ ಲಾಭ ಇದೆ: ಮೂರನೆಯ ಗೇರಿನ ಅನುಪಾತ 1.50, ಅದಕ್ಕೆ ಓವರ್‌ಡ್ರೈವ್ ಸೇರಿದರೆ 1.17, ಮೂರಕ್ಕೂ ನಾಲ್ಕಕ್ಕೂ ನಡುವಿನ ಗೇರು. ಉದ್ದನೆಯ ಏರಿನಲ್ಲಿ ಇದು ಹೇಳಿ ಮಾಡಿಸಿದ್ದು. ಆದರೆ ಲೋ ರೇಂಜ್‌ನಲ್ಲಿ (ನಿಧಾನದ, ಹೆಚ್ಚು ಬಲದ ಗೇರು ಸಾಲು), ಕೆಸರಿನಲ್ಲಿ, ಭಾರ ಎಳೆಯುವಾಗ, ರಿವರ್ಸ್‌ನಲ್ಲಿ ಮುಟ್ಟಬೇಡ. ಎಂಜಿನ್ ಒದ್ದಾಡುತ್ತಿದೆ ಅನ್ನಿಸಿದರೆ ತೆಗೆದುಬಿಡು, ಅದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಎಂಬುದು ಬೇರೆ ನೆನಪಿರಲಿ. ಓವರ್‌ಡ್ರೈವ್ ವೇಗ ಕೊಟ್ಟಿತು, ನಿಲ್ಲಿಸುವ ಶಕ್ತಿ ಕೊಡಲಿಲ್ಲ.

ಈ ಭಾನುವಾರ ಆಯಿಲ್ ಇಳಿಸಿ, ಅದರ ಬಣ್ಣ ಹೇಗಿತ್ತು, ಪ್ಲಗ್ಗಿಗೆ ಏನು ಅಂಟಿತ್ತು ಎಂದು ಬರೆ. ಚೂರು ಸಿಕ್ಕಿದ್ದರೆ ಕಾಗದದಲ್ಲಿ ಸುತ್ತಿ ಕಳಿಸು, ನಾನೇ ನೋಡಿ ಹೇಳುತ್ತೇನೆ.

ನಿನ್ನ ದೊಡ್ಡಪ್ಪ