ಹಳೇ ಮಳೆ ಪುಸ್ತಕ ರದ್ದಿಗೆ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಅಟ್ಟದಲ್ಲೋ ಬೀರುವಿನಲ್ಲೋ ಅಜ್ಜನ ಕಾಲದ ಮಳೆ ಪುಸ್ತಕ, ಅಂದರೆ ದಿನಾ ಎಷ್ಟು ಮಳೆ ಬಿತ್ತು ಅಂತ ಬರೆದಿಟ್ಟ ಪುಸ್ತಕ, ಇದ್ದರೆ ದಯವಿಟ್ಟು ಹುಡುಕಿ. ಪ್ರತಿ ಪುಟದ ಫೋಟೋ ತೆಗೆದು ಇಲ್ಲಿ ಹಾಕಿ. ಊರು, ತೋಟ, ಲೆಕ್ಕ ಇಂಚಿನದೋ ಮಿಲಿಮೀಟರಿನದೋ ಅಂತ ಜೊತೆಗೆ ಬರೆಯಿರಿ.

ಅಣೆಕಟ್ಟೆಗೆ ಮೊದಲ ಕಲ್ಲು ಕೂರಿಸುವ ಮುಂಚೆಯೇ ಇಂಥ ಲೆಕ್ಕ ಬೇಕು. ವರ್ಷಕ್ಕೆ ಎಷ್ಟು ನೀರು ಬರುತ್ತದೆ ಅಂತ ತಿಳಿಯದೆ ಎಷ್ಟು ಎತ್ತರ ಕಟ್ಟಬೇಕು, ಎಷ್ಟು ಕರೆಂಟ್ ಸಿಗುತ್ತದೆ ಅಂತ ಹೇಳಲು ಆಗುವುದಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ಮಳೆಗಾಲದ ನೀರನ್ನು ಹಿಡಿದಿಡಲೇಬೇಕು ಅಂತ ವಿಶ್ವೇಶ್ವರಯ್ಯನವರು ಪಟ್ಟು ಹಿಡಿದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅದಕ್ಕೆ ಹೋಗುವುದು ನಮ್ಮ ಭಾಗಮಂಡಲದ ಮಳೆಯೂ ಅಲ್ವಾ? ಒಂದು ಎಕರೆ ಮೇಲೆ ಒಂದು ಇಂಚು ಬಿದ್ದರೆ 1 ಲಕ್ಷ ಲೀಟರಿಗೂ ಜಾಸ್ತಿ ನೀರು!

ಇನ್ನು ದಿನದ ಅಳತೆ. ಬೆಳಿಗ್ಗೆ 8.30ಕ್ಕೇ ನೋಡಿ. ಮೊನ್ನೆ ನಮ್ಮ ಮಳೆ ಮಾಪಕದ ಆಲಿಕೆಗೆ ಸಿಲ್ವರ್ ಓಕ್ ಎಲೆ ಅಂಟಿಕೊಂಡಿತ್ತು. ರಾತ್ರಿಯಿಡೀ ಸುರಿದರೂ ಬಾಟಲಿಯಲ್ಲಿ ಬೆರಳಷ್ಟೂ ನೀರಿಲ್ಲ. ಹಾಗಾಗಿ ಮರದಿಂದ ದೂರ ಇಡಿ. ಒಂದು ದಿನ ತಪ್ಪಿದರೆ ಸುಮ್ನೆ ಅಂದಾಜಿಗೆ ಬರೆಯಬೇಡಿ, ಖಾಲಿ ಬಿಡಿ.

ಫೋಟೋಗಳಲ್ಲಿ ಕೊಡಗಿನಲ್ಲಿ ಪ್ರವಾಹ ಬಂದ 2018ರ ಆಗಸ್ಟ್ ಪುಟ ಮೊದಲು ಕಳಿಸಿ. ದೊಡ್ಡ ಪ್ರವಾಹದ ಅಂದಾಜಿನ ಮೇಲೇ ಅಣೆಕಟ್ಟೆಯ ಗೇಟುಗಳ ಅಳತೆ ನಿಲ್ಲುತ್ತದೆ. ಭಾನುವಾರದ ಒಳಗೆ ಬಂದರೆ ಎಲ್ಲವನ್ನೂ ಒಟ್ಟಿಗೆ ಜೋಡಿಸುತ್ತೇನೆ.